ಇಪ್ಪತ್ತೆರಡು ಅಕ್ಷರದಲ್ಲಿ ಅಣ್ಣನ ಕೆಮ್ಮು

ಹೋದ ಭಾನುವಾರ ಒಂದು ಹಳೆ ಹಾರ್ಡ್ ಡಿಸ್ಕ್ ಖಾಲಿ ಮಾಡುತ್ತಾ ಕೂತಿದ್ದೆ. 2001 ಅಂತ ಹೆಸರಿಟ್ಟ ಒಂದು ಫೋಲ್ಡರ್ ಸಿಕ್ಕಿತು. ಒಳಗೆ ಹನ್ನೊಂದು ಎಕ್ಸ್‌ಎಂ ಫೈಲ್‌ಗಳು. ಫಾಸ್ಟ್‌ಟ್ರ್ಯಾಕರ್ 2 ಬಳಸಿದವರಿಗೆ ಇಷ್ಟು ಹೇಳಿದರೆ ಸಾಕು, ಕಪ್ಪು ಪರದೆಯ ಮೇಲೆ ಅಂಕಿಗಳು ಸಾಲುಸಾಲಾಗಿ ಓಡುವುದು ಕಣ್ಣಿಗೆ ಕಟ್ಟುತ್ತದೆ.

ಬಳಸದವರಿಗೆ ಸ್ವಲ್ಪ ವಿವರ. ಅದು ಹಾಡು ಕಟ್ಟುವ ಹಳೆ ಸಾಫ್ಟ್‌ವೇರ್, ಆ ಬಗೆಯದಕ್ಕೆ ಟ್ರ್ಯಾಕರ್ ಅನ್ನುತ್ತಾರೆ. ಎಕ್ಸ್‌ಎಂ ಅಂದರೆ ಅದರ ಹಾಡಿನ ಫೈಲ್. ಈಗಿನ ಮ್ಯೂಸಿಕ್ ಸಾಫ್ಟ್‌ವೇರ್‌ಗಳಲ್ಲಿ ಹಾಡು ಎಡದಿಂದ ಬಲಕ್ಕೆ ಹೋಗುತ್ತದೆ. ಟ್ರ್ಯಾಕರ್‌ನಲ್ಲಿ ಮೇಲಿನಿಂದ ಕೆಳಕ್ಕೆ. ಹಾಡಿನ ಒಂದು ತುಂಡಿಗೆ, ಅಂದರೆ ಪ್ಯಾಟರ್ನ್‌ಗೆ, ಸಾಮಾನ್ಯವಾಗಿ 64 ಸಾಲು. ಪ್ರತಿ ಸಾಲಿನಲ್ಲೂ ಯಾವ ಸ್ವರ, ಯಾವ ವಾದ್ಯ, ಎಷ್ಟು ವಾಲ್ಯೂಮ್, ಯಾವ ಎಫೆಕ್ಟ್ ಅಂತ ಬರೆಯಬೇಕು. ಅದೂ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, ಒಂಬತ್ತಾದ ಮೇಲೆ ಎ, ಬಿ, ಸಿ ಬರುತ್ತದೆ. ಪೂರ್ತಿ ವಾಲ್ಯೂಮ್ ಅಂದರೆ 64, ಆದರೆ ಪರದೆಯಲ್ಲಿ ಕಾಣುವುದು 40. ಮೊದಲ ವಾರ ತಲೆ ಕೆಟ್ಟುಹೋಗಿತ್ತು. ಆಮೇಲೆ ಎಷ್ಟು ರೂಢಿಯಾಯಿತು ಅಂದರೆ, ಇವತ್ತಿಗೂ ಒಂಬತ್ತಾದ ಮೇಲೆ ಕೈ 'ಎ' ಕಡೆ ಹೋಗುತ್ತದೆ.

ಈ ಪದ್ಧತಿ ಶುರುವಾಗಿದ್ದು 1987ರಲ್ಲಿ, ಕಾರ್ಸ್ಟನ್ ಒಬಾರ್ಸ್ಕಿ ಅಮಿಗಾ ಕಂಪ್ಯೂಟರ್‌ಗೆ ಬರೆದ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್‌ನಿಂದ. ಅಮಿಗಾ ಒಂದು ಸಲಕ್ಕೆ ನಾಲ್ಕೇ ಧ್ವನಿ ನುಡಿಸುತ್ತಿತ್ತು, ಹಾಗಾಗಿ ಹಾಡಿಗೂ ನಾಲ್ಕೇ ಚಾನೆಲ್. ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕಾದರೆ ಮೂರು ಚಾನೆಲ್ ಹೋಯಿತು, ಡ್ರಮ್‌ಗೆ ಜಾಗ ಎಲ್ಲಿ? ಅದಕ್ಕೆ ಎಫೆಕ್ಟ್ ಜಾಗದಲ್ಲಿ 047 ಅಂತ ಬರೆಯುತ್ತಿದ್ದರು. ಒಂದೇ ಚಾನೆಲ್ ಮೂರು ಸ್ವರಗಳ ಮಧ್ಯೆ ಗಿರಗಿರ ತಿರುಗುತ್ತದೆ, ಕಿವಿ ಅದನ್ನೇ ಕಾರ್ಡ್ ಅಂತ ನಂಬುತ್ತದೆ. ಹಳೆ ಕಂಪ್ಯೂಟರ್ ಸಂಗೀತದ ಆ ಗುಳುಗುಳು ಸದ್ದಿದೆಯಲ್ಲ, ಅದು ಇದೇ. 1994ರ ಫಾಸ್ಟ್‌ಟ್ರ್ಯಾಕರ್ 2ರಲ್ಲಿ 32 ಚಾನೆಲ್ ಇತ್ತು, ನನಗೆ ಈ ಉಪಾಯದ ಅಗತ್ಯವೇ ಇರಲಿಲ್ಲ. ಆದರೂ ಎಲ್ಲ ಹಾಡಿಗೂ ಹಾಕಿದ್ದೇನೆ. ಚಟ.

ಇನ್ನೊಂದು ಚಟ 125. ಹೊಸ ಹಾಡು ತೆರೆದರೆ ಟೆಂಪೋ ನಿಮಿಷಕ್ಕೆ 125 ಬೀಟ್‌ಗೇ ಇರುತ್ತಿತ್ತು. ಯಾಕೆ 125, ದುಂಡಗೆ 120 ಯಾಕಲ್ಲ? ಯುರೋಪಿನ ಅಮಿಗಾ ಪರದೆ, ಅಲ್ಲಿನ ಟಿವಿಯಂತೆ, ಸೆಕೆಂಡಿಗೆ 50 ಸಲ ಹೊಸದಾಗುತ್ತಿತ್ತು. ಹಾಡಿನ ಗಡಿಯಾರವೂ ಅದೇ. ಒಂದು ಸಾಲಿಗೆ 6 ಟಿಕ್, ಒಂದು ಬೀಟ್‌ಗೆ 4 ಸಾಲು, ಲೆಕ್ಕ ಹಾಕಿದರೆ ಸರಿಯಾಗಿ 125. ಟಿವಿಯ ಲೆಕ್ಕವೊಂದು ಎಷ್ಟೋ ಜನರ ಹಾಡಿನ ವೇಗ ಆಗಿಬಿಟ್ಟಿತು. ನಾನು ಈಗ ಏನು ಮಾಡಿದರೂ 125ರ ಆಸುಪಾಸಿಗೇ ಬಂದು ನಿಲ್ಲುತ್ತದೆ.

ಅಣ್ಣನಿಗೆ ಇದೆಲ್ಲ ಆಗುತ್ತಿರಲಿಲ್ಲ. ಅವನು ಫ್ರೂಟಿಲೂಪ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನ ಪಕ್ಷ. ಸಾಲಿಗೆ 16 ಬಟನ್, ಮೌಸ್‌ನಲ್ಲಿ ಟಕ್ ಟಕ್ ಒತ್ತಿದರೆ ತಾಳ ರೆಡಿ. "ನೀನು ಹಾಡು ಮಾಡ್ತಿದ್ದೀಯೋ, ಲೆಕ್ಕ ಬರೀತಿದ್ದೀಯೋ?" ಅನ್ನುತ್ತಿದ್ದ. ಫ್ರೂಟಿಲೂಪ್ಸ್‌ಗೆ ಎಫ್‌ಎಲ್ ಸ್ಟುಡಿಯೋ ಅಂತ ಹೆಸರು ಬದಲಾದಾಗ ಅವನಿಗೇ ಪ್ರಮೋಷನ್ ಸಿಕ್ಕಂತೆ ಆಡಿದ್ದ. ನಮ್ಮಿಬ್ಬರಿಗೂ ಒಪ್ಪಿಗೆಯಾಗುತ್ತಿದ್ದದ್ದು ಒಂದೇ. ಫಾಸ್ಟ್‌ಟ್ರ್ಯಾಕರ್ ಒಳಗೇ ನಿಬಲ್ಸ್ ಅಂತ ಒಂದು ಹಾವಿನ ಆಟ ಇತ್ತು. ಸಂಗೀತದ ಸಾಫ್ಟ್‌ವೇರ್‌ನಲ್ಲಿ ಹಾವಿನ ಆಟ! ಒಂದೇ ಕೀಬೋರ್ಡ್‌ಗೆ ಇಬ್ಬರೂ ಭುಜ ತಾಗಿಸಿ ಕೂತು ಆಡುತ್ತಿದ್ದೆವು. ಹಾಡು ಅರ್ಧಕ್ಕೇ ನಿಂತಿರುತ್ತಿತ್ತು.

ನಮ್ಮ ಹತ್ತಿರ ಮೈಕ್ ಇರಲಿಲ್ಲ. ಹೆಡ್‌ಫೋನನ್ನು ಮೈಕಿನ ತೂತಿಗೆ ಚುಚ್ಚಿದರೆ ಅದೇ ಮೈಕ್ ಆಗುತ್ತದೆ ಅಂತ ಅಣ್ಣ ಕಂಡುಹಿಡಿದಿದ್ದ. ಬೆಂಕಿಪೊಟ್ಟಣ ಅಲ್ಲಾಡಿಸಿ ಹೈಹ್ಯಾಟ್ (ಡ್ರಮ್ ಸೆಟ್‌ನ ತಾಳ), ಕಪಾಟಿನ ಬಾಗಿಲು ಬಡಿದು ಕಿಕ್ (ದೊಡ್ಡ ಡ್ರಮ್). ಎಲ್ಲವೂ ಚಿಕ್ಕದಾಗಿರಬೇಕು, ಯಾಕಂದರೆ ಫ್ಲಾಪಿಗೆ ಹಾಕಬೇಕು. 8 ಬಿಟ್, 22 ಕಿಲೋಹರ್ಟ್ಸ್‌ನಲ್ಲಿ ಒಂದು ಸೆಕೆಂಡಿಗೆ ಸುಮಾರು 22 ಕೆಬಿ. ಇಡೀ ಫ್ಲಾಪಿಗೆ ಒಂದು ನಿಮಿಷದ ಮೇಲೆ ಚೂರು ಸದ್ದು ಹಿಡಿಯುತ್ತದೆ, ಅಷ್ಟೇ. ಒಂದು ಕಿಕ್‌ನ ಬಾಲ ಎಲ್ಲಿ ಕತ್ತರಿಸಬೇಕು ಅಂತ ರಾತ್ರಿ ಹನ್ನೊಂದಕ್ಕೆ ಜಗಳ ಆಡಿದ್ದೇವೆ.

ಭಾನುವಾರ ಆ ಫೈಲ್‌ಗಳನ್ನು ಓಪನ್‌ಎಂಪಿಟಿ ಅನ್ನುವ ಈಗಿನ ಟ್ರ್ಯಾಕರ್‌ನಲ್ಲಿ ತೆರೆದೆ. ಹನ್ನೊಂದಕ್ಕೆ ಹನ್ನೊಂದೂ ತೆರೆದವು. ಸ್ಯಾಂಪಲ್‌ಗಳೆಲ್ಲ, ಅಂದರೆ ರೆಕಾರ್ಡ್ ಮಾಡಿದ ಸದ್ದುಗಳೆಲ್ಲ, ಹಾಡಿನ ಫೈಲ್ ಒಳಗೇ ಇರುತ್ತವೆ, ಹೊರಗಿಂದ ಏನೂ ಬೇಕಿಲ್ಲ. ಪಕ್ಕದಲ್ಲೇ 2006ರ ಫೋಲ್ಡರ್ ಇತ್ತು. ಆಗ ನಾನು 'ಸೀರಿಯಸ್' ಆಗಿದ್ದೆ, ದೊಡ್ಡ ಸಾಫ್ಟ್‌ವೇರ್, ಸದ್ದು ಹುಟ್ಟಿಸುವ ಹತ್ತಾರು ಪ್ಲಗಿನ್. ಅದರಲ್ಲಿ ಒಂದೂ ಸರಿಯಾಗಿ ತೆರೆಯಲಿಲ್ಲ. ಈ ಪ್ಲಗಿನ್ ಇಲ್ಲ, ಆ ಪ್ಲಗಿನ್ ಇಲ್ಲ ಅಂತ ಕಿಟಕಿ ಮೇಲೆ ಕಿಟಕಿ. ಸ್ವರಗಳು ತಮ್ಮ ಜಾಗದಲ್ಲೇ ಇವೆ, ನುಡಿಸುವವರಿಲ್ಲ. ಜಾಸ್ತಿ ಕಷ್ಟಪಟ್ಟು ಮಾಡಿದವೇ ಹೋದವು, ತಮಾಷೆಗೆ ಮಾಡಿದವು ಉಳಿದವು.

ಎಕ್ಸ್‌ಎಂ ಫೈಲ್‌ನಲ್ಲಿ ಪ್ರತಿ ವಾದ್ಯಕ್ಕೂ ಹೆಸರಿಡಲು 22 ಅಕ್ಷರದ ಜಾಗ ಇರುತ್ತದೆ. ಅಲ್ಲಿ ವಾದ್ಯದ ಹೆಸರು ಬರೆಯುತ್ತಿದ್ದವರು ಕಡಿಮೆ. ಗೆಳೆಯರಿಗೆ ನಮಸ್ಕಾರ, ಜೋಕು, ಬೈಗುಳ, ಎಲ್ಲ ಅಲ್ಲೇ, ಸಾಲಿನಿಂದ ಸಾಲಿಗೆ. ಬೇರೆಯವರ ಹಾಡು ತೆರೆದರೆ ನಾನು ಮೊದಲು ಓದುತ್ತಿದ್ದದ್ದು ಅದನ್ನೇ. ನನ್ನ ಏಳನೇ ಹಾಡಿನಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿ, ಸ್ನೇರ್ ಡ್ರಮ್ ಇರಬೇಕಾದ ಕಡೆ ಹೀಗಿತ್ತು: 'ಅಣ್ಣ ಕೆಮ್ಮಿದ್ದು ಮತ್ತೆ ಮಾ'. ಅಲ್ಲಿಗೆ 22 ಅಕ್ಷರ ಮುಗಿದಿತ್ತು. ಮುಂದಿನ ಸಾಲಿನಲ್ಲಿ 'ಡಬೇಕು'.

ಮತ್ತೆ ಮಾಡಿರಲಿಲ್ಲ. ನುಡಿಸಿದೆ. ಎರಡನೇ ಮತ್ತು ನಾಲ್ಕನೇ ಬೀಟ್‌ಗೆ ಇಪ್ಪತ್ತರ ಹರೆಯದ ಅಣ್ಣ ತಪ್ಪದೆ ಕೆಮ್ಮುತ್ತಾನೆ. ಸಾಲು 2ಸಿಯಲ್ಲಿ ಒಂದು ಕಡೆ ನಾನೇ ತಪ್ಪಿಸಿದ್ದೇನೆ, ಕೆಮ್ಮು ಅರ್ಧ ಬೀಟ್ ಮೊದಲೇ ಬಂದುಬಿಡುತ್ತದೆ. ಸರಿಮಾಡೋಣ ಅಂತ ಕರ್ಸರ್ ಅಲ್ಲಿಗೆ ಒಯ್ದೆ, ಆಮೇಲೆ ಸುಮ್ನೆ ಬಿಟ್ಟೆ.

ಎಂಪಿ3 ಮಾಡಿ ಅವನಿಗೆ ಕಳಿಸಿದೆ. ಎರಡು ಗಂಟೆ ಬಿಟ್ಟು ಉತ್ತರ ಬಂತು.

"ಹೈಹ್ಯಾಟ್ ಜಾಸ್ತಿ ಆಯ್ತು ಅಂತ ಆಗಲೇ ಹೇಳಿದ್ದೆ, ಅಲ್ವಾ?"