ವಿಮಾನದ ದೂರ, ಹೊತ್ತು ಲೆಕ್ಕ ಹಾಕುವ ಶೀಟು: ಮೂರನೇ ಆವೃತ್ತಿವರೆಗೆ

ಎರಡು ನಿಲ್ದಾಣಗಳ ಕೋಡ್ ಹಾಕಿದರೆ ದೂರವೂ ಪ್ರಯಾಣದ ಹೊತ್ತೂ ಬರಬೇಕು. ಪರೀಕ್ಷೆಗೆ ಬೆಂಗಳೂರು (ಅಕ್ಷಾಂಶ 13.1979, ರೇಖಾಂಶ 77.7063) ಮತ್ತು ದೆಹಲಿ (28.5665, 77.1031).

ಆವೃತ್ತಿ 1: ಹ್ಯಾವರ್‌ಸೈನ್ ಸೂತ್ರ, ಅಂದರೆ ಭೂಮಿಯನ್ನು ಗೋಳವೆಂದು ಹಿಡಿದು ಎರಡು ಬಿಂದುಗಳ ನಡುವಿನ ಅತಿ ಹತ್ತಿರದ ದೂರ ಕೊಡುವ ಲೆಕ್ಕ. ಅಕ್ಷಾಂಶ ವ್ಯತ್ಯಾಸದ ಅರ್ಧದ ಸೈನ್ ತೆಗೆದು ವರ್ಗ ಮಾಡಬೇಕು. ರೇಖಾಂಶ ವ್ಯತ್ಯಾಸಕ್ಕೂ ಹಾಗೇ ಮಾಡಿ, ಎರಡೂ ಅಕ್ಷಾಂಶಗಳ ಕೊಸೈನ್‌ನಿಂದ ಗುಣಿಸಿ, ಮೊದಲಿನದಕ್ಕೆ ಕೂಡಬೇಕು. ಮೊತ್ತದ ವರ್ಗಮೂಲದ ವಿಲೋಮ ಸೈನನ್ನು 2 × 6,371ರಿಂದ (ಭೂಮಿಯ ತ್ರಿಜ್ಯ, ಕಿ.ಮೀ.) ಗುಣಿಸಿದರೆ 1,710 ಕಿ.ಮೀ. ಕೋನಗಳನ್ನು ರೇಡಿಯನ್‌ಗೆ ತಿರುಗಿಸಲು ಮರೆತರೆ ಬರುವ ಉತ್ತರ ಶುದ್ಧ ಕಸ, ಹಾಗಾಗಿ ಬೇಗ ಸಿಕ್ಕಿಬೀಳುತ್ತದೆ. ಸಿಕ್ಕಿಬೀಳದ ತಪ್ಪು ಬೇರೆ: 13 ಡಿಗ್ರಿ 12 ಮಿನಿಟನ್ನು 13.12 ಎಂದು ತುಂಬುವುದು. ಅದು 13.20 ಆಗಬೇಕು; ಅಷ್ಟಕ್ಕೇ ಸುಮಾರು 9 ಕಿ.ಮೀ. ವ್ಯತ್ಯಾಸ.

ಭೂಮಿಯನ್ನು ಚಪ್ಪಟೆ ಎಂದು ಹಿಡಿಯುವ ಪೈಥಾಗೊರಸ್ ಲೆಕ್ಕ ಸಾಲದೇ? ದೆಹಲಿಗೆ ಸಾಕು. ಸ್ಯಾನ್ ಫ್ರಾನ್ಸಿಸ್ಕೊಗೆ ಹಾಕಿದರೆ 20,280 ಕಿ.ಮೀ. ತೋರಿಸುತ್ತದೆ, ಅಂದರೆ ಭೂಮಿಯ ಅರ್ಧ ಸುತ್ತಿಗಿಂತ ಜಾಸ್ತಿ! ರೇಖಾಂಶ ವ್ಯತ್ಯಾಸ 200 ಡಿಗ್ರಿ ಎಂದು ಅದು ಉದ್ದದ ಕಡೆಯಿಂದ ಸುತ್ತುತ್ತದೆ. ಹ್ಯಾವರ್‌ಸೈನ್ ಉತ್ತರ ಧ್ರುವದ ಕಡೆಯಿಂದ ಹಾಯ್ದು ಸುಮಾರು 13,990 ಕೊಡುತ್ತದೆ.

ಆವೃತ್ತಿ 2: ಗೋಳದ ಬದಲು ದೀರ್ಘಗೋಳ (ಧ್ರುವಗಳಲ್ಲಿ ತುಸು ಚಪ್ಪಟೆಯಾದ ಗೋಳ), ಅದರ ಮೇಲೆ ದೂರ ಎಣಿಸುವ ವಿನ್ಸೆಂಟಿ ವಿಧಾನ. ದೆಹಲಿ 1,703ಕ್ಕೆ ಇಳಿಯಿತು. ನಮ್ಮ ಅಕ್ಷಾಂಶಗಳಲ್ಲಿ ತೆಂಕಣ–ಬಡಗಣ ಒಂದು ಡಿಗ್ರಿ ಸುಮಾರು 110.7 ಕಿ.ಮೀ.; ಗೋಳದ ಲೆಕ್ಕ 111.2 ಹಿಡಿಯುತ್ತದೆ. ಆದರೆ 7 ಕಿ.ಮೀ. ಅಂದರೆ ಹಾರಾಟದಲ್ಲಿ ಅರ್ಧ ನಿಮಿಷ. ಭೂಮಿಯ ಆ ತುದಿ–ಈ ತುದಿಯ ಬಿಂದುಗಳಿಗೆ ವಿನ್ಸೆಂಟಿ ಉತ್ತರಕ್ಕೇ ಬಾರದೆ ಸುತ್ತುತ್ತಿರುತ್ತದೆ. ಹಳೆಯ ಸೂತ್ರವೇ ಉಳಿಯಿತು.

ಆವೃತ್ತಿ 3: ಹೊತ್ತು. ದೂರವನ್ನು ವೇಗದಿಂದ (ಗಂಟೆಗೆ 830 ಕಿ.ಮೀ.) ಭಾಗಿಸಿದರೆ 1,710 ÷ 830 = 2 ಗಂಟೆ 4 ನಿಮಿಷ; ವೇಳಾಪಟ್ಟಿಯಲ್ಲಿರುವುದು ಮುಕ್ಕಾಲು ಗಂಟೆಯಷ್ಟು ಹೆಚ್ಚು. ವೇಳಾಪಟ್ಟಿ ಎಣಿಸುವುದು ಗೇಟಿನಿಂದ ಗೇಟಿಗೆ. ಈಗಿನ ಲೆಕ್ಕ: ವಿಮಾನ ನೇರ ಗೆರೆಯಲ್ಲಿ ಹೋಗದ್ದರಿಂದ ದೂರಕ್ಕೆ 5% ಸೇರಿಸು, ಏರಿಳಿತದ ನಿಧಾನಕ್ಕೆ 10 ನಿಮಿಷ, ರನ್‌ವೇಗೆ ಹೋಗಿಬರುವ ಓಡಾಟಕ್ಕೆ 25. ಒಟ್ಟು 2 ಗಂಟೆ 45 ನಿಮಿಷ. ಈ ಮೂರೂ ಅಂಕಿ ಅಂದಾಜೇ. ದೊಡ್ಡ ನಿಲ್ದಾಣಗಳಲ್ಲಿ 25 ಸಾಲದು.

ಗಾಳಿಗೆ ಬೇರೆ ಕಾಲಂ. ಮುಂಬೈ–ಕೋಲ್ಕತ್ತ ಸುಮಾರು 1,660 ಕಿ.ಮೀ. ಚಳಿಗಾಲದ ಪಡುವಣ ಗಾಳಿ ಗಂಟೆಗೆ 100 ಕಿ.ಮೀ. ಎಂದಿಟ್ಟರೆ, ಬರೀ ದೂರ ÷ ವೇಗದ ಲೆಕ್ಕದಲ್ಲಿ, ಹೋಗುವಾಗ 1:47, ಬರುವಾಗ 2:16. ಹೋದಾಗ ಉಳಿದದ್ದು ಬರುವಾಗ ಸರಿಹೋಗುತ್ತದೆ ಎಂದುಕೊಳ್ಳಬೇಡಿ: ಗಾಳಿಯಿಲ್ಲದ 4 ಗಂಟೆಗಿಂತ 3 ನಿಮಿಷ ಹೆಚ್ಚೇ ಆಯಿತು, ಏಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತು ಜಾಸ್ತಿ.

ಬಾಕಿ: ಇಳಿಯುವ ಊರಿನ ಸಮಯ. ವ್ಯತ್ಯಾಸವನ್ನು ನಿಮಿಷದಲ್ಲೇ ಇಡಬೇಕು. ದುಬೈ 90 ನಿಮಿಷ ಹಿಂದೆ, ಸ್ಯಾನ್ ಫ್ರಾನ್ಸಿಸ್ಕೊ ಚಳಿಗಾಲದಲ್ಲಿ 810, ಬೇಸಿಗೆಯಲ್ಲಿ 750. ಆದ್ದರಿಂದ ತಾರೀಖು ಇಲ್ಲದೆ ಈ ಕಾಲಂ ನಡೆಯದು. ಕಳೆದಾಗ ಸಮಯ ಸೊನ್ನೆಗಿಂತ ಕೆಳಗಿಳಿದರೆ ಎಕ್ಸೆಲ್ ಬರೀ ###### ತೋರಿಸುತ್ತದೆ. ತಾರೀಖನ್ನೂ ಅದೇ ಸೆಲ್‌ಗೆ ಕೂಡಿಸಿಟ್ಟರೆ ಆ ಕಾಟ ಇಲ್ಲ.