ಗಿರಣಿ ಊರುಗಳ ರಾತ್ರಿಯೂಟ

ಬ್ರಿಟನ್ನಿನ ರಾಷ್ಟ್ರೀಯ ಖಾದ್ಯವೆನಿಸಿದ ಫಿಶ್ ಅಂಡ್ ಚಿಪ್ಸ್‌ನ, ಅಂದರೆ ಕರಿದ ಮೀನು ಮತ್ತು ಕರಿದ ಆಲೂಗಡ್ಡೆ ತುಂಡುಗಳ, ಚರಿತ್ರೆ ಓದುತ್ತಿದ್ದೇನೆ, ಪುಸ್ತಕ ಕೆಳಗಿಡಲು ಮನಸ್ಸಾಗುತ್ತಿಲ್ಲ. ಹಿಟ್ಟಿನಲ್ಲಿ ಅದ್ದಿ ಕರಿದ ಮೀನನ್ನು ಇಂಗ್ಲೆಂಡಿಗೆ ತಂದವರು ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಿರುಕುಳ ತಾಳಲಾರದೆ ಊರು ಬಿಟ್ಟ ಯಹೂದಿಗಳು ಎನ್ನುತ್ತಾರೆ ಚರಿತ್ರಕಾರರು. ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಒಲೆ ಹೊತ್ತಿಸುವಂತಿಲ್ಲ. ಹಾಗಾಗಿ ಶುಕ್ರವಾರವೇ ಕರಿದಿಟ್ಟು ಮರುದಿನ ತಣ್ಣಗೆ ತಿನ್ನುತ್ತಿದ್ದರು. ಆಲೂಗಡ್ಡೆಯ ತವರಂತೂ ದಕ್ಷಿಣ ಅಮೆರಿಕ. ವಲಸೆ ಬಂದವರನ್ನು ಹಳಿಯುವವರು ಇದನ್ನೊಮ್ಮೆ ಓದಬೇಕು.

ಎರಡನ್ನೂ ಜೊತೆಗೂಡಿಸಿ ಮೊದಲು ಮಾರಿದವರು 1860ರ ಸುಮಾರಿಗೆ ಪೂರ್ವ ಲಂಡನ್ನಿನಲ್ಲಿ ಅಂಗಡಿಯಿಟ್ಟ ಜೋಸೆಫ್ ಮಾಲಿನ್ ಎಂದು ಕೆಲವರು, 1863ರ ಹೊತ್ತಿಗೆ ಉತ್ತರ ಇಂಗ್ಲೆಂಡಿನ ಲ್ಯಾಂಕಾಶೈರಿನ ಮಾಸ್ಲಿಯ ಸಂತೆಯಲ್ಲಿ ಮಾರುತ್ತಿದ್ದ ಜಾನ್ ಲೀಸ್ ಎಂದು ಕೆಲವರು. ಆ ವಾದ ಅವರಿಗಿರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಟ್ಟೆ ಗಿರಣಿಯ ಹೆಂಗಸರು. ಉತ್ತರ ಸಮುದ್ರದಲ್ಲಿ ಟ್ರಾಲರ್‌ಗಳು (ಬಲೆ ಎಳೆದು ಮೀನು ಹಿಡಿಯುವ ಹಡಗುಗಳು) ಹಿಡಿದ ಮೀನನ್ನು ರೈಲು ಮಂಜುಗಡ್ಡೆಯೊಡನೆ ಒಳನಾಡಿನ ಕೈಗಾರಿಕಾ ಊರುಗಳಿಗೆ ಮುಟ್ಟಿಸತೊಡಗಿತು. ದಿನವಿಡೀ ಮಗ್ಗದ ಮುಂದೆ ನಿಂತು ಮನೆಗೆ ಬಂದವಳಿಗೆ ಮತ್ತೆ ಅಡುಗೆಗೆ ನಿಲ್ಲುವ ತ್ರಾಣ ಎಲ್ಲಿಂದ ಬರಬೇಕು? ಹಳೆಯ ಪತ್ರಿಕೆಯಲ್ಲಿ ಸುತ್ತಿದ, ಉಪ್ಪು, ವಿನೆಗರ್ ಚಿಮುಕಿಸಿದ ಬಿಸಿ ಪೊಟ್ಟಣ ಅಗ್ಗಕ್ಕೆ ಸಿಗುತ್ತಿತ್ತು, ಮಕ್ಕಳ ಹೊಟ್ಟೆಯೂ ತುಂಬುತ್ತಿತ್ತು. 1910ರ ವೇಳೆಗೆ ದೇಶದಲ್ಲಿ ಇಂಥ ಅಂಗಡಿಗಳು ಸುಮಾರು 25,000. ಎರಡನೆಯ ಮಹಾಯುದ್ಧದಲ್ಲಿ ಮಾಂಸ, ಬೆಣ್ಣೆ, ಸಕ್ಕರೆಗೆಲ್ಲ ಪಡಿತರದ ಮಿತಿ ಬಂದಾಗಲೂ ಸರ್ಕಾರ ಇದನ್ನು ಮುಟ್ಟಲಿಲ್ಲ. ದುಡಿಯುವ ಜನರ ತಟ್ಟೆಗೆ ಆಳುವವರು ಅಷ್ಟು ಬೆಲೆ ಕೊಟ್ಟದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತಿದೆ.