ಹರಿಹರದ ಲೇತ್ ಬೆಳಗಾವಿಯಲ್ಲಿ ಕೂತ ದಿನ

ಬೆಳಗಾವಿ ಉದ್ಯಮಬಾಗ್‌ನ ಶೆಡ್ಡಿಗೆ ಅಂದು ಬಂದದ್ದು ಮೈಸೂರು ಕಿರ್ಲೋಸ್ಕರ್‌ನವರ ಹಳೆಯ ಎಂಟರ್‌ಪ್ರೈಸ್ ಲೇತ್, ಅಂದರೆ ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ. ಹರಿಹರದ ಆ ಕಂಪನಿ ಶುರುವಾದದ್ದು 1941ರಲ್ಲಿ. ಯುದ್ಧ ನಡೆದಿತ್ತು, ಹೊರದೇಶದ ಮಷಿನ್ ಸಿಗುವುದು ಕಷ್ಟವಾಗಿತ್ತು. ಕಂಪನಿ ಈಗಿಲ್ಲ. ಅದರ ಲೇತ್‌ಗಳು ಮಾತ್ರ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಲೇ ಇವೆ.

ಲಾರಿಯಿಂದ ಇಳಿಸುವಾಗಲೇ ಅರ್ಧ ಹಾನಿ ಆಗಿಬಿಡುತ್ತದೆ. ಎತ್ತುವ ಬೆಲ್ಟನ್ನು ಬೆಡ್ಡಿನ (ಲೇತಿನ ಉದ್ದನೆಯ ಎರಕದ ಮೈ) ಅಡಿಯಿಂದ ಸುತ್ತಬೇಕು, ಅದರ ಮುಂದೆ ಉದ್ದಕ್ಕೂ ಇರುವ ಲೀಡ್ ಸ್ಕ್ರೂಗೂ ಫೀಡ್ ರಾಡಿಗೂ ತಾಗಬಾರದು. ತಾಗಿದರೆ ಎತ್ತಿದ ಕೂಡಲೇ ಸ್ಕ್ರೂ ಬಾಗುತ್ತದೆ, ಆಮೇಲೆ ಆ ಮಷಿನ್‌ನಲ್ಲಿ ಥ್ರೆಡ್ಡಿಂಗ್ (ಸ್ಕ್ರೂ ಎಳೆ ಕೊರೆಯುವುದು) ಮಾಡುವುದನ್ನು ಮರೆತುಬಿಡಬೇಕು. ಭಾರವೆಲ್ಲ ಎಡಗಡೆಯ ಹೆಡ್‌ಸ್ಟಾಕ್ (ಗೇರ್ ಪೆಟ್ಟಿಗೆ) ಕಡೆ ಇರುವುದರಿಂದ, ಟೂಲ್ ಹೊತ್ತು ಓಡಾಡುವ ಕ್ಯಾರೇಜನ್ನೂ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕನ್ನೂ ಬಲತುದಿಗೆ ಸರಿಸಿ ಬಿಗಿದರು. ಮೊದಲು ಚೈನ್ ಪುಲ್ಲಿಯಲ್ಲಿ ಒಂದು ಗೇಣು ಮಾತ್ರ ಎತ್ತಿ, ಯಾವ ಕಡೆ ವಾಲುತ್ತದೆ ಅಂತ ನೋಡಿದರು. ಅಲ್ಲಿಂದ ಪೈಪುಗಳ ಮೇಲೆ ಉರುಳಿಸಿಕೊಂಡು ಒಳಗೆ ತಂದರು.

ಕಿರ್ಲೋಸ್ಕರ್ ಅನ್ನುವ ಕಂಪನಿ ಹೆಸರು ಮೊದಲು ಹುಟ್ಟಿದ್ದು ಬೆಳಗಾವಿಯಲ್ಲೇ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬೈಗೆ ಹೋದವರು. ಬಣ್ಣ ಗುರುತಿಸುವುದರಲ್ಲಿ ಕಣ್ಣಿನ ದೋಷವಿದ್ದ ಕಾರಣ ಅದನ್ನು ಬಿಟ್ಟು ಮೆಕ್ಯಾನಿಕಲ್ ಡ್ರಾಯಿಂಗ್ ಹಿಡಿದರು, ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಪಾಠವನ್ನೂ ಮಾಡಿದರು. ಬೆಳಗಾವಿಯಲ್ಲಿ ಅಣ್ಣನ ಜೊತೆ 1888ರಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಹಿಂದೆಯೇ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರಿಂದ ನೇಗಿಲು ಮಾರಾಟವಾಗದೆ ಬಿದ್ದಿತ್ತು. ಹೊಸ ಬಡಾವಣೆಗಾಗಿ ಜಾಗ ಬಿಡಿ ಎಂದು ಪುರಸಭೆ ಹೇಳಿದಾಗ ಔಂಧ್ ಸಂಸ್ಥಾನದ ರಾಜರು 32 ಎಕರೆ ಬರಡು ನೆಲ ಕೊಟ್ಟರು. 1910ರಲ್ಲಿ ಅದು ಕಿರ್ಲೋಸ್ಕರವಾಡಿ ಆಯಿತು. ಊರು ಬಿಡಿಸಿದ್ದೇ ಕಂಪನಿಗೆ ಒಳ್ಳೆಯದಾಯಿತು ಅನ್ನಬೇಕು; ಪೇಟೆಯ ನಡುವೆ ಅಷ್ಟು ದೊಡ್ಡ ಫೌಂಡ್ರಿ ಬೆಳೆಯುತ್ತಿರಲಿಲ್ಲ.

ಶೆಡ್ಡಿನಲ್ಲಿ ದಿನದ ಬಹುಪಾಲು ಹೋದದ್ದು ಲೆವೆಲಿಂಗ್‌ಗೆ. ಬಡಗಿಯ ರಸಮಟ್ಟ ಇದಕ್ಕೆ ನಡೆಯುವುದಿಲ್ಲ, ಒಂದು ಗೆರೆಗೆ ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ ಬೇಕು. ಅದನ್ನು ಬೆಡ್ಡಿಗೆ ಅಡ್ಡಲಾಗಿ ಇಟ್ಟು ಓದಿ, ತಿರುಗಿಸಿ ಇಟ್ಟು ಇನ್ನೊಮ್ಮೆ ಓದಬೇಕು. ಎರಡೂ ಓದು ಒಂದೇ ಬರದಿದ್ದರೆ ದೋಷ ಲೆವೆಲ್ಲಿನದೇ. ನೆಲ ಮಟ್ಟವಾಗಿದೆಯೇ ಅನ್ನುವುದಕ್ಕಿಂತ ಬೆಡ್ಡಿನ ಎರಡೂ ತುದಿಯಲ್ಲಿ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ಅನ್ನುವುದು ಮುಖ್ಯ. ನಿಲ್ಲದಿದ್ದರೆ ಬೆಡ್ ತಿರುಚಿದೆ ಎಂದರ್ಥ. ಎರಕದ ಬೆಡ್ ಎಷ್ಟೇ ದಪ್ಪ ಕಂಡರೂ ಸ್ವಂತ ಭಾರಕ್ಕೇ ತಿರುಚುತ್ತದೆ.

ಲೆವೆಲ್ ಆದಮೇಲೆ ಪರೀಕ್ಷೆ. 50 ಮಿ.ಮೀ. ದಪ್ಪದ ಸರಳನ್ನು ಚಕ್‌ನಲ್ಲಿ (ಹೆಡ್‌ಸ್ಟಾಕ್‌ನ ತಿರುಗುವ ಹಿಡಿಕೆ) ಮಾತ್ರ ಹಿಡಿದು, ಟೇಲ್‌ಸ್ಟಾಕ್ ಆಸರೆ ಕೊಡದೆ, 200 ಮಿ.ಮೀ. ಅಂತರದಲ್ಲಿ ಎರಡು ಪಟ್ಟಿ ಬಿಟ್ಟು ನಡುವಿನದನ್ನು ತೆಗೆದರು. ಚೂಪಾದ ಟೂಲಿನಿಂದ, ಟೂಲನ್ನು ಮುಟ್ಟದೆ, ಒಂದೇ ಸೆಟ್ಟಿಂಗ್‌ನಲ್ಲಿ ಎರಡೂ ಪಟ್ಟಿಗೆ ತೆಳು ಕಟ್. ಮೈಕ್ರೋಮೀಟರಿನಲ್ಲಿ ಹೊರತುದಿ ಚಕ್ ಕಡೆಗಿಂತ 0.05 ಮಿ.ಮೀ. ಹೆಚ್ಚು ದಪ್ಪ ಬಂತು. ಆಗ ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲಿನ ಬೋಲ್ಟನ್ನು ಸ್ವಲ್ಪ ಎತ್ತಬೇಕು. ಎತ್ತಿದರೆ ಆ ತುದಿಯಲ್ಲಿ ಕ್ಯಾರೇಜ್ ಹಿಂದಕ್ಕೆ ವಾಲಿ ಟೂಲ್ ಜಾಬಿನೊಳಗೆ (ಕಡೆಯುತ್ತಿರುವ ತುಂಡಿನೊಳಗೆ) ಹೋಗುತ್ತದೆ. ಎತ್ತಿದರು, ಮತ್ತೆ ಕಟ್, ಮತ್ತೆ ಅಳತೆ, ವ್ಯತ್ಯಾಸ 0.01ಕ್ಕೆ ಇಳಿಯಿತು. ಹಳೆಯ ಲೇತಿಗೆ ಅಷ್ಟು ಸಾಕು.

ಚಕ್ ಕಡೆ ದಪ್ಪ ಬಂದಿದ್ದರೆ ಮೊದಲ ಅನುಮಾನ ಬೆಡ್ ಸವೆತದ ಮೇಲೆ. ವರ್ಷಾನುಗಟ್ಟಲೆ ಗಿಡ್ಡ ಜಾಬ್ ಮಾಡಿದ ಲೇತಿನಲ್ಲಿ ಚಕ್ ಹತ್ತಿರದ ಗೇಣುದ್ದವೇ ಹೆಚ್ಚು ತಿಂದಿರುತ್ತದೆ. ಅದು ಬೋಲ್ಟು ತಿರುಗಿಸಿದರೆ ಹೋಗುವ ರೋಗವಲ್ಲ, ಗ್ರೈಂಡಿಂಗ್ ಇಲ್ಲವೇ ಸ್ಕ್ರೇಪಿಂಗ್ ಬೇಕು. ಕೊಳ್ಳುವ ಮುಂಚೆ ನೋಡಲು ಸುಲಭ ದಾರಿಯಿದೆ: ಕ್ಯಾರೇಜ್ ಜಿಬ್ಬನ್ನು (ಸಡಿಲ ಹೊಂದಿಸುವ ಪಟ್ಟಿ) ಚಕ್ ಬಳಿ ಸರಿಯಾಗಿ ಬಿಗಿದು ಬಲಕ್ಕೆ ಓಡಿಸಿ. ನಡುವೆಯೇ ಸಿಕ್ಕಿಕೊಂಡರೆ ಬೆಲೆ ಇಳಿಸಿ ಕೇಳಿ.

ಹೆಚ್ಚಿನವರು ತಪ್ಪುವುದು ಟೇಲ್‌ಸ್ಟಾಕ್‌ನಲ್ಲಿ. ಟೇಪರ್ (ಒಂದು ತುದಿ ದಪ್ಪ, ಇನ್ನೊಂದು ಸಣ್ಣ) ಬಂತೆಂದು ಮೊದಲೇ ಅದನ್ನು ಆಚೀಚೆ ಸರಿಸುತ್ತಾರೆ. ಸೆಂಟರ್ ಮಧ್ಯೆ ಹಿಡಿದ ಆ ಒಂದು ಜಾಬ್ ಸರಿಹೋಗುತ್ತದೆ, ಉದ್ದ ಬದಲಾದರೆ ಮತ್ತೆ ಟೇಪರ್. ಬೆಡ್ ಸರಿಯಾದ ಮೇಲಷ್ಟೇ ಅದರ ಸರದಿ.

ಕೊನೆಗೆ ಕರೆಂಟು. ಚಕ್ ತಿರುಗುವ ದಿಕ್ಕು ಉಲ್ಟಾ ಇದ್ದರೆ ಮೂರು ಫೇಸ್‌ನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ಒಂದು ಫೇಸ್ ಹೋದರೆ ಮೋಟಾರ್ ಗುಂಯ್‌ಗುಟ್ಟಿ ಸುಟ್ಟುಹೋಗುತ್ತದೆ, ಆದ್ದರಿಂದ ಆಗ ಕರೆಂಟು ಕಡಿಯುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿಯೇ ಸ್ವಿಚ್ ಒತ್ತಬೇಕು. ಮೋಟಾರಿನ ಬೆಲ್ಟು ಒಂದು ಹರಿದಿದ್ದರೂ ಇಡೀ ಸೆಟ್ ಬದಲಿಸಬೇಕು; ಹಳೆಯವು ಉದ್ದವಾಗಿರುವುದರಿಂದ ಭಾರವೆಲ್ಲ ಹೊಸದರ ಮೇಲೇ ಬೀಳುತ್ತದೆ. ಹೆಡ್‌ಸ್ಟಾಕ್‌ಗೆ 68ರ (ಮಂದತೆಯ ಗ್ರೇಡ್) ಎಣ್ಣೆ ಕಿಟಕಿಯ ಗೆರೆವರೆಗೆ ತುಂಬಿ, ಮೊದಲು ಅತಿ ಕಡಿಮೆ ಸ್ಪೀಡಿನಲ್ಲಿ ಓಡಿಸಿ ಬೇರಿಂಗ್ ಬಿಸಿಯನ್ನು ಕೈಯಿಟ್ಟು ನೋಡಿದರು. ಬುಡಕ್ಕೆ ಹಾಕಿದ ಗ್ರೌಟ್ (ಸಿಮೆಂಟ್ ಗಾರೆ) ಪೂರ್ತಿ ಗಟ್ಟಿಯಾಗುವವರೆಗೆ ಫೌಂಡೇಶನ್ ಬೋಲ್ಟನ್ನು ಬಲವಾಗಿ ಬಿಗಿಯುವಂತಿಲ್ಲ. ಬಿಗಿದ ಮೇಲೂ ಬೆಡ್ ಸ್ವಲ್ಪ ಎಳೆಯುತ್ತದೆ, ಹಾಗಾಗಿ ಲೆವೆಲ್ಲೂ ಎರಡು ಪಟ್ಟಿಯ ಪರೀಕ್ಷೆಯೂ ಆಗ ಇನ್ನೊಮ್ಮೆ ಆಗಬೇಕು.